ಬಾಗಿಲು ಅಳೆಯುವ ಮನುಷ್ಯ

ಒಂದೂರಲ್ಲಿ ಒಂದು ಯಂತ್ರವಿತ್ತಂತೆ, ಅದಕ್ಕೆ ಮನೆಯೇ ಇರಲಿಲ್ಲವಂತೆ. ನಿನಗೊಂದು ಸೂರು ಹುಡುಕದೆ ಬಿಡುವುದಿಲ್ಲ ಅಂತ ಒಬ್ಬ ಮನುಷ್ಯ ಅದಕ್ಕೆ ಮಾತು ಕೊಟ್ಟಿದ್ದನಂತೆ. ಅಜ್ಜಿ ಹೇಳುವ ಕಥೆಯಾಗಿದ್ದರೆ ಇಷ್ಟು ಹೊತ್ತಿಗೆ ಮಾತಾಡುವ ಗಿಣಿಯೊಂದು ಬಂದು ದಾರಿ ತೋರಿಸಬೇಕಿತ್ತು. ಇಲ್ಲಿ ಬರಬೇಕಾಗಿರುವುದು ಒಂದು ಲಾರಿ.

ಬೆಳಕು ಈಗಷ್ಟೇ ಹರಿಯುತ್ತಿದೆ. ಗೋದಾಮುಗಳ ಸಾಲಿನ ಕೊನೆಯ ಶೆಡ್ಡಿನ ಮುಂದೆ ಐವತ್ತೆಂಟು ದಾಟಿದ ಒಬ್ಬರು ಟೇಪು ಹಿಡಿದು ಬಾಗಿಲು ಅಳೆಯುತ್ತಿದ್ದಾರೆ. ಮೇಲೊಮ್ಮೆ, ನಡುವೆ ಒಮ್ಮೆ, ಕೆಳಗೊಮ್ಮೆ. ನಿನ್ನೆಯೂ ಅಳೆದಿದ್ದರು.

"ಯಾಕ್ ಸರ್, ರಾತ್ರಿ ಬಾಗಿಲು ಕುಗ್ಗಿರುತ್ತಾ?" ಒಳಗೆ ತಮ್ಮ ಹೊಸ ಬಾಡಿಗೆ ಜಾಗದ ನೆಲ ಗುಡಿಸುತ್ತಿರುವ, ಬೂಟು ಹೊಲಿಯುವ ಶೂ ಅಕ್ಕ ಕೇಳುತ್ತಾರೆ.

"ನನ್ನ ಹಣೆಬರಹಕ್ಕೆ ಕುಗ್ಗಿದ್ರೂ ಕುಗ್ಗಿರುತ್ತಮ್ಮ."

ಕಾಗದದ ಮೇಲೆ ಅವರು ಉದ್ಯಮ ಸಲಹೆಗಾರ. ಸಣ್ಣಪುಟ್ಟ ವರ್ಕ್‌ಶಾಪು ನಡೆಸುವವರಿಗೆ ದಾರಿ ಹೇಳುವುದು, ಅವರನ್ನು ನಂಬಿ ಬಂಡವಾಳ ಹಾಕುವವರನ್ನು ಹುಡುಕುವುದು, ಇಬ್ಬರ ನಡುವೆ ಫೈಲು ಹೊತ್ತು ತಿರುಗುವುದು ಅವರ ಕೆಲಸ. ಗಲ್ಲಿಗಳಲ್ಲಿ ಮಾತ್ರ ಅವರು 'ಸ್ಟೂಲ್ ಸರ್'. ಬಗಲಲ್ಲಿ ಸದಾ ಒಂದು ಮಡಚುವ ಸ್ಟೂಲು. "ಸಣ್ಣ ಜಾಗದಲ್ಲಿ ಇರೋ ಕುರ್ಚಿಯೆಲ್ಲ ಕೆಲಸ ಮಾಡೋರದ್ದು. ನಾನು ಕೂತ್ರೆ ಅವರಲ್ಲೊಬ್ರು ನಿಲ್ಲಬೇಕಾಗುತ್ತೆ" ಎನ್ನುತ್ತಾರೆ. ಬಾಗಿಲು ತೆರೆದಾಗಿನಿಂದ ಮುಚ್ಚುವವರೆಗೆ ಮೂಲೆಯಲ್ಲಿ ಕೂರುತ್ತಾರೆ. ಮೊದಲ ದಿನ ಒಂದೂ ಪ್ರಶ್ನೆ ಕೇಳುವುದಿಲ್ಲ, ಸುಮ್ಮನೆ ನೋಡುತ್ತಾರೆ.

ಈ ಪದ್ಧತಿ ಹುಟ್ಟಿದ್ದು ಒಂದು ಎಡವಟ್ಟಿನಿಂದ. ಶೂ ಅಕ್ಕ ಹೊಲಿಯುವುದು ಎರಡು ಕಾಲೂ ಒಂದೇ ಸಮ ಇಲ್ಲದವರ ಬೂಟು. ಒಂದು ಕಾಲು ಗಿಡ್ಡ, ಒಂದು ಪಾದ ಊದಿದ್ದು, ಒಂದಕ್ಕೆ ಬೆರಳಿಲ್ಲ. ಬೂಟಿನ ತಳದ ಅಟ್ಟೆಗಳನ್ನು ಕೈಯಲ್ಲೇ ಒತ್ತಿ ಒತ್ತಿ ಅವರ ಭುಜ ಸೋತಿತ್ತು. ಆರು ವರ್ಷದ ಹಿಂದೆ ಸ್ಟೂಲ್ ಸರ್ ಆಫೀಸಿನಲ್ಲೇ ಕೂತು, ಕಾಗದಪತ್ರ ನೋಡಿ, ಅಟ್ಟೆ ಒತ್ತುವ ಯಂತ್ರ ಕೊಡಿಸಿದರು. ಯಂತ್ರ ಬಂತು. ಬಾಗಿಲು ಒಂದು ಗೇಣು ಕಿರಿದು. ಗೋಡೆ ಒಡೆದರು. ಕಟ್ಟಡದ ಮಾಲೀಕ ಅದೇ ವಾರ ಎಲ್ಲರನ್ನೂ ಹೊರಹಾಕಿದ. ಅಂದಿನಿಂದ ಯಂತ್ರ ಅಕ್ಕನ ಭಾವನ ಹಿತ್ತಲಲ್ಲಿ ಟಾರ್ಪಾಲು ಹೊದ್ದು ಮಲಗಿದೆ.

"ಅವತ್ತು ಆಯಮ್ಮ ಬೈದಿದ್ರೆ ಮರೆತುಬಿಡ್ತಿದ್ದೆನೋ ಏನೋ. ಬೈಲಿಲ್ಲ, ಟೀ ಕೊಟ್ರು. ಆ ಟೀ ಇನ್ನೂ ಗಂಟಲಲ್ಲೇ ಇದೆ" ಎನ್ನುತ್ತಾರೆ ಸ್ಟೂಲ್ ಸರ್.

ಅಲ್ಲಿಂದ ಈಚೆಗೆ ನಲವತ್ತೊಂದು ವರ್ಕ್‌ಶಾಪುಗಳ ಮೂಲೆಯಲ್ಲಿ ಅವರ ಸ್ಟೂಲು ಕೂತಿದೆ. ಹೋಗಲು ಎರಡು ಬಸ್ಸು, ಬರಲು ಎರಡು ಬಸ್ಸು. ಹೊಸ ಜಾಗದಲ್ಲಿ ಮತ್ತೆ ಶುರು ಮಾಡಲು ಬಂಡವಾಳ ಕೇಳಿದ ಶೂ ಅಕ್ಕನ ಫೈಲು ಮಾತ್ರ ಮೂರು ಸಲ ವಾಪಸ್ಸು ಬಂತು. ಒಬ್ಬೊಬ್ಬರಿಗೆ ಒಂದೊಂದು ಅಳತೆಯಂತೆ, ಇದೂ ಒಂದು ವ್ಯಾಪಾರವೇ ಎಂದರು ಬಂಡವಾಳದವರು. ನಾಲ್ಕನೆಯ ಸಲ ಒಪ್ಪಿದ್ದಾರೆ, ಷರತ್ತಿನ ಮೇಲೆ. ಇವತ್ತು ಹತ್ತು ಗಂಟೆಗೆ ಅವರು ಬಂದಾಗ ಯಂತ್ರ ಓಡುತ್ತಿರಬೇಕು. ಇಲ್ಲದಿದ್ದರೆ ಅವಕಾಶ ಬೇರೆಯವರ ಪಾಲು.

ಸ್ಟೂಲ್ ಸರ್ ಮನೆ ಮೂರನೆಯ ಮಹಡಿಯ ಒಂದು ಕೋಣೆ. ಒಂದು ತಟ್ಟೆ, ಒಂದು ಲೋಟ, ಎದುರುಗೋಡೆಗೆ ತೆರೆಯುವ ಒಂದು ಕಿಟಕಿ. ವಾರವಿಡೀ ಫೋನು ಬಡಿದುಕೊಳ್ಳುತ್ತದೆ. ಅಚ್ಚು ಒಡೀತು ಸರ್, ಪಾಲುದಾರ ಕೈಕೊಟ್ಟ ಸರ್. ತಮ್ಮ ಕಾಲ ಮೇಲೆ ನಿಂತವರ ಫೋನು ಮಾತ್ರ ನಿಂತುಹೋಗುತ್ತದೆ. ಭಾನುವಾರ ಅವರು ಸ್ಟೂಲಿನ ಕೀಲುಗಳಿಗೆ ಎಣ್ಣೆ ಬಿಡುತ್ತಾರೆ.

"ಫೈಲ್ ಮುಚ್ಚಿದ್ಮೇಲೆ ಅವರ ಹತ್ರ ಹೋಗ್ಬಾರ್ದು ಅಂತೇನಿಲ್ಲ. ಹೋಗೋಕೆ ನೆಪ ಇರಲ್ಲ, ಅಷ್ಟೆ. ಯಾರಾದ್ರೂ ಒಬ್ರು ಏನೂ ತೊಂದ್ರೆ ಇಲ್ದೇ ಫೋನ್ ಮಾಡ್ಲಿ ಅಂತ ಆಸೆ. ಮಾಡಿದ್ರೆ ಏನ್ ಮಾತಾಡ್ಬೇಕೋ ನಂಗೂ ಗೊತ್ತಿಲ್ಲ, ಬಿಡಿ."

ಲಾರಿ ಬರುತ್ತದೆ. ನಾಲ್ವರು ಹಮಾಲರು ಕಬ್ಬಿಣದ ಕೊಳವೆಗಳ ಮೇಲೆ ಯಂತ್ರವನ್ನು ಉರುಳಿಸುತ್ತಾರೆ. ಬಾಗಿಲ ಬಳಿ ಅದರ ಹಿಡಿ ಚೌಕಟ್ಟಿಗೆ ತಾಗಿ ಕಟಕ್ ಎನ್ನುತ್ತದೆ.

"ನಿಲ್ಸಿ, ನಿಲ್ಸಿ!" ಸ್ಟೂಲ್ ಸರ್ ಮತ್ತೆ ಟೇಪು ಎಳೆಯುತ್ತಾರೆ.

"ಅಯ್ಯೋ ಸರ್, ನೀವು ಉಸಿರು ಬಿಡಿ ಮೊದ್ಲು" ಎನ್ನುತ್ತ ಅಕ್ಕ ಪಾನಾ ತಂದು ನಟ್ಟು ಸಡಿಲಿಸಿ ಹಿಡಿ ಬಿಚ್ಚುತ್ತಾರೆ. ಅಕ್ಕಪಕ್ಕ ನಾಲ್ಕು ಬೆರಳು ಜಾಗ ಉಳಿಸಿ ಯಂತ್ರ ಒಳಗೆ ಸರಿಯುತ್ತದೆ.

ಹತ್ತು ಗಂಟೆಗೆ ಬಂಡವಾಳದವರು ಮೂವರು ಬರುತ್ತಾರೆ. ಅವರ ಕಣ್ಣೆದುರೇ ಯಂತ್ರ ಧಡ್ ಎಂದು ಕೂತು ಏಳುತ್ತದೆ. ಮೊದಲ ಅಟ್ಟೆ, ಒಂದು ಬದಿ ಎರಡು ಬೆರಳು ದಪ್ಪ, ಬಿಸಿಬಿಸಿಯಾಗಿ ಅಕ್ಕನ ಅಂಗೈಗೆ ಬರುತ್ತದೆ. ಮೂವರೂ ಸಹಿ ಹಾಕುತ್ತಾರೆ. ಅವರಲ್ಲಿ ಹೊಸಬನೊಬ್ಬ ಮೂಲೆಯ ಸ್ಟೂಲಿನ ಕಡೆ ನೋಡಿ, "ಇವರು ಯಾರು?" ಎಂದು ಕೇಳುತ್ತಾನೆ.

"ನಮ್ಮ ಬಾಗಿಲು ಅಳೆದೋರು" ಎನ್ನುತ್ತಾರೆ ಅಕ್ಕ.

ಆತ ಏನೂ ಅರ್ಥವಾಗದೆ ತಲೆಯಾಡಿಸುತ್ತಾನೆ. ಸ್ಟೂಲ್ ಸರ್ ಫೈಲು ತೆರೆದು, ಮುಚ್ಚುವ ಮೊದಲು ಕೊನೆಯ ಸಾಲು ಬರೆಯುತ್ತಾರೆ: ಯಂತ್ರ ಓಡುತ್ತಿದೆ. ಗೋಡೆಗೆ ಏನೂ ಆಗಿಲ್ಲ.