ಸೊನ್ನೆಗೆ ಎಂಟು ಎನ್ನುವ ನಾಲ್ಕನೇ ತರಗತಿ

ಯಶೋಧರಾ ಟೀಚರ್ ನಾಲ್ಕು ಕವಡೆಗಳನ್ನು ಅಂಗೈಯಲ್ಲಿ ಕುಲುಕಿ ತರಗತಿಯ ನೆಲದ ಮೇಲೆ ಬಿಟ್ಟರು. ನಾಲ್ಕೂ ಬೆನ್ನು ಮೇಲಾಗಿ ಬಿದ್ದವು. ಸುತ್ತ ಕುಳಿತಿದ್ದ ನಾಲ್ಕನೇ ತರಗತಿಯ ಮಕ್ಕಳು ಮುಂದಕ್ಕೆ ಬಾಗಿದರು.

“ಎಷ್ಟು ಕವಡಿ ಬಾಯಿ ಮ್ಯಾಲ ಅದಾವ?”

“ಎಂಟ್ರಿ ಅಕ್ಕೋರ,” ಎಂದಿತು ತರಗತಿ, ಒಂದೇ ದನಿಯಲ್ಲಿ.

ಟೀಚರ್ ಹಣೆಗೆ ಕೈ ಹಚ್ಚಿಕೊಂಡರು. ಅದು ಶುಕ್ರವಾರ ಬೆಳಗಿನ ಗಣಿತದ ಪೀರಿಯಡ್. ಈ ಪ್ರಶ್ನೆಯನ್ನು ಅವರು ವಾರವೆಲ್ಲ ಕೇಳುತ್ತ ಬಂದಿದ್ದರು. ಉತ್ತರ ಸೊನ್ನೆ ಎಂದು ವಾರವೆಲ್ಲ ಹೇಳುತ್ತಲೂ ಬಂದಿದ್ದರು. ಮರುದಿನ ಸುತ್ತಲಿನ ಶಾಲೆಗಳ ಮೇಲ್ವಿಚಾರಣೆ ನೋಡುವ ಇಕ್ಬಾಲ ಸರ್ ಬಂದು ಈ ಮಕ್ಕಳನ್ನು ಪರೀಕ್ಷಿಸುವವರಿದ್ದರು. ಅವರಿಗೆ ಒಪ್ಪಿಗೆಯಾಗದಿದ್ದರೆ ಕವಡೆಯಾಟ ಬಂದ್, ಗಣಿತದ ಪೀರಿಯಡ್ಡಿನಲ್ಲಿ ಮಗ್ಗಿ ಬರೆಸತಕ್ಕದ್ದು ಎಂದು ಮುಖ್ಯಾಧ್ಯಾಪಕಿ ದಾಕ್ಷಾಯಿಣಿ ಮೇಡಂ ಮೊದಲೇ ಹೇಳಿಬಿಟ್ಟಿದ್ದರು.

ಎಂಟು ಎಂಬ ಉತ್ತರ ಮಕ್ಕಳು ಹುಟ್ಟಿಸಿಕೊಂಡದ್ದಲ್ಲ. ಕವಡೆಯಾಟದಲ್ಲಿ ಎಷ್ಟು ಕವಡೆ ಬಾಯಿ ಮೇಲಾಗಿ ಬೀಳುತ್ತವೋ ಅಷ್ಟು ಮನೆ ನಡೆಸಬೇಕು. ನಾಲ್ಕೂ ಮೇಲಾದರೆ ನಾಲ್ಕು. ನಾಲ್ಕೂ ಬೋರಲು ಬಿದ್ದರೆ ಮಾತ್ರ ಎಂಟು, ಜೊತೆಗೆ ಇನ್ನೊಮ್ಮೆ ಒಗೆಯುವ ಅವಕಾಶ. ಇದನ್ನು ಯಾರೂ ಕೂರಿಸಿಕೊಂಡು ಕಲಿಸುವುದಿಲ್ಲ. ಹಬ್ಬದ ಮಧ್ಯಾಹ್ನ ಕಟ್ಟೆಯ ಮೇಲೆ ದೊಡ್ಡವರ ಪಕ್ಕ ಕುಳಿತರೆ ತಾನೇ ಬರುತ್ತದೆ. ಬೈರಿದೇವರಕೊಪ್ಪದಲ್ಲಿ ಬೆಳೆದ ಯಶೋಧರಾ ಅವರಿಗೂ ಅದು ನೆರೆಮನೆಯ ಕಟ್ಟೆಯಲ್ಲಿ ಹಾಗೆಯೇ ಬಂದಿತ್ತು. ಕವಡೆಗಳನ್ನು ಶಾಲೆಗೆ ತರುವಾಗ ಮಾತ್ರ ಅದು ನೆನಪಾಗಲಿಲ್ಲ.

ಅವರ ಶಾಲೆ ಇರುವುದು ಹೆಬ್ಬಳ್ಳಿ ದಾಟಿದ ಮೇಲೆ ಸಿಗುವ ಒಂದು ಹಳ್ಳಿಯಲ್ಲಿ. ಬೈರಿದೇವರಕೊಪ್ಪದಿಂದ ಚಿಗರಿ ಎಂಬ ಅವಳಿನಗರದ ಬಸ್ಸಿನಲ್ಲಿ ಧಾರವಾಡ, ಅಲ್ಲಿಂದ ಹಳ್ಳಿಯ ಬಸ್ಸು. ಜೂನ್‌ನಲ್ಲಿ ನಾಲ್ಕನೇ ತರಗತಿ ವಹಿಸಿಕೊಂಡಾಗ ಮಕ್ಕಳಿಗೆ ಐವತ್ತೆರಡರಲ್ಲಿ ಮೂವತ್ತೆಂಟು ಕಳೆಯಲು ಕೊಟ್ಟಿದ್ದರು. ಹೆಚ್ಚಿನವರು ಇಪ್ಪತ್ತಾರು ಎಂದು ಬರೆದರು. ಎರಡರಲ್ಲಿ ಎಂಟು ಹೋಗುವುದಿಲ್ಲವಲ್ಲ, ಎಂಟರಲ್ಲೇ ಎರಡನ್ನು ಕಳೆದುಬಿಟ್ಟಿದ್ದರು. ಮಗ್ಗಿ ಎಲ್ಲರಿಗೂ ಬರುತ್ತಿತ್ತು, ಆದರೆ ಹಾಡಿನಂತೆ. ಏಳಾರಲೆ ಎಷ್ಟು ಎಂದರೆ ಏಳೊಂದಲೆಯಿಂದ ಶುರುಮಾಡಿ ಬರಬೇಕು.

ಶಾಲೆಗೆ ಗಣಿತದ ಕಿಟ್ ಬಂದಿದೆ. ಅದರಲ್ಲಿ ಮಣಿ, ಕಡ್ಡಿ, ದಾಳ ಎಲ್ಲ ಇವೆ. ಒಂದು ಮಣಿ ಕಳೆದರೂ ನಿವೃತ್ತಿಯ ವೇಳೆ ತಾವು ಉತ್ತರ ಕೊಡಬೇಕಾಗುತ್ತದೆ ಎಂದು ದಾಕ್ಷಾಯಿಣಿ ಮೇಡಂ ಅದನ್ನು ತೆಗೆಯಲು ಬಿಡುವುದಿಲ್ಲ. ಯಶೋಧರಾ ಒಂದೆರಡು ಸಲ ಕೇಳಿ, ಬೇಸತ್ತು, ಹುಬ್ಬಳ್ಳಿಯ ದುರ್ಗದಬೈಲಿನಲ್ಲಿ ಪೂಜಾ ಸಾಮಾನಿನ ಅಂಗಡಿಯಿಂದ ಕವಡೆ ಕೊಂಡು ತಂದರು. ಕಡ್ಡಿಪೆಟ್ಟಿಗೆಯ ಕಡ್ಡಿಗಳನ್ನು ಹತ್ತತ್ತರ ಕಟ್ಟು ಮಾಡಿ, ಅಂಥ ಹತ್ತನ್ನು ನೂರರ ಒಂದು ಕಟ್ಟಾಗಿ ಬಿಗಿದು ಪ್ರತಿ ಗುಂಪಿಗೆ ಕೊಟ್ಟರು. ಕವಡೆ ಒಗೆಯಬೇಕು, ಬಿದ್ದಷ್ಟು ಕಡ್ಡಿ ತೆಗೆದಿಡಬೇಕು, ಉಳಿದದ್ದನ್ನು ಬರೆಯಬೇಕು. ಕೈಯಲ್ಲಿ ಬಿಡಿ ಕಡ್ಡಿ ಇಲ್ಲದಿದ್ದರೆ ಒಂದು ಕಟ್ಟು ಬಿಚ್ಚಲೇಬೇಕು. ಮೊದಲು ಖಾಲಿಯಾದ ಗುಂಪು ಗೆದ್ದಂತೆ.

ಮಳೆಗಾಲ ಮುಗಿಯುವ ಹೊತ್ತಿಗೆ ತರಗತಿಗೆ ಕಳೆಯುವುದು ಬಂತು. ಗಣಿತ ಎಂದರೆ ಬಾಯಿಯನ್ನೇ ತೆರೆಯದಿದ್ದ ಸಾನ್ವಿ ಎಂಬ ಹುಡುಗಿ ಈಗ ಪಕ್ಕದ ಗುಂಪಿನ ತಪ್ಪನ್ನೂ ಹಿಡಿಯುತ್ತಿದ್ದಳು. ಅಷ್ಟರಲ್ಲಿ ಪಾಲಕರೊಬ್ಬರು ಬಂದು, ಪಂಚಮಿ ಹಬ್ಬದ ಜೂಜು ಶಾಲೆಯಲ್ಲೂ ನಡೆಯುತ್ತದೆಯೇ ಎಂದು ಮುಖ್ಯಾಧ್ಯಾಪಕಿಯನ್ನು ಕೇಳಿ ಹೋದರು. ಇಕ್ಬಾಲ ಸರ್ ಅವರ ಪರೀಕ್ಷೆ ನಿಗದಿಯಾದದ್ದು ಆ ಮೇಲೆಯೇ. ಪರೀಕ್ಷೆ ಎಂದಮೇಲೆ ಸೊನ್ನೆ ಸೊನ್ನೆಯಾಗಿಯೇ ಇರಬೇಕು ಎಂದು ಯಶೋಧರಾ ಆಟದ ನಿಯಮ ಬದಲಿಸಿದರು. ನಾಲ್ಕೂ ಬೋರಲಾದರೆ ಒಂದು ಕಡ್ಡಿಯೂ ಇಲ್ಲ, ಪಾಳಿ ಮುಂದಿನವರಿಗೆ. ಮಕ್ಕಳು ಇದನ್ನು ಶುದ್ಧ ಮೋಸವೆಂದೇ ತಿಳಿದರು.

ಶುಕ್ರವಾರ ಮಧ್ಯಾಹ್ನದ ಬಿಡುವಿನಲ್ಲಿ ಸಾನ್ವಿಯ ಅಜ್ಜಿ ಉಡಚವ್ವ ಶಾಲೆಯ ಗೇಟಿಗೆ ಬಂದು ನಿಂತರು. ಊಟಕ್ಕೆ ಕೂತವರನ್ನು ಎಬ್ಬಿಸಬಾರದು ಎಂದು, ಟೀಚರ್ ಉಂಡು ಡಬ್ಬಿ ಮುಚ್ಚುವವರೆಗೆ ಅಜ್ಜಿ ಕಾದರು. ಆಮೇಲೆ ಮಾತು ಶುರುಮಾಡಿದರು.

“ಅಕ್ಕೋರ, ಎಂಟು ಬಿದ್ರ ಇನ್ನೊಂದು ಆಟ ಸಿಗತೈತಿ. ನೀವು ಅದನ್ನ ಸೊನ್ನಿ ಮಾಡಿ ನಮ್ಮ ಹುಡುಗಿ ಆಟ ಕಸಗೊಂಡೀರಂತ. ಹಿಂಗ ಮಾಡಬಾರದ್ರಿ.”

“ಆಯಿ, ಒಂದು ಕವಡಿನೂ ಬಾಯಿ ಮ್ಯಾಲ ಇಲ್ಲ. ಇಲ್ಲ ಅಂದ್ರ ಸೊನ್ನಿ ಅಲ್ಲೇನ್ರಿ?”

“ಇಲ್ಲ ಅಂತನ ಎಂಟು ಕೊಡತಾರ. ಏನೂ ಬೀಳದವರಿಗೆ ಏನರ ಕೊಡಬೇಕಲ್ರಿ. ನಿಮ್ಮ ಸೊನ್ನಿ ಪುಸ್ತಕದಾಗ ಇರಲಿ.”

ಡಿ.ಇಡಿ.ಯಲ್ಲಿ ಇಂಥ ಮಾತಿಗೆ ಉತ್ತರ ಹೇಳಿಕೊಟ್ಟಿರಲಿಲ್ಲ ಎಂದು ಯಶೋಧರಾ ಆಮೇಲೆ ನಗದೆಯೇ ಹೇಳಿದರು. ಕೊನೆಗೆ ಒಂದು ರಾಜಿಯಾಯಿತು. ಆಟದಲ್ಲಿ ಎಂಟು ಎಂಟಾಗಿಯೇ ಇರಲಿ. ಆದರೆ ಕಡ್ಡಿ ತೆಗೆಯುವ ಮೊದಲು ಎಷ್ಟು ಕವಡೆ ಬಾಯಿ ಮೇಲಾಗಿವೆ ಎಂದು ಮಕ್ಕಳು ಬೇರೆಯಾಗಿ ಹೇಳಬೇಕು. ಕೊನೆಯ ಪೀರಿಯಡ್ಡಿನಲ್ಲಿ ಅದನ್ನೇ ಆಡಿಸಿದರು. ಮಕ್ಕಳು ಸೊನ್ನೆ ಎಂದರು. ಆದರೆ ಕವಡೆ ನೋಡಿ ಹೇಳುತ್ತಿರಲಿಲ್ಲ, ಟೀಚರ್ ಮುಖ ನೋಡಿ ಹೇಳುತ್ತಿದ್ದರು. ಟೀಚರ್ ಕಿಟಕಿಯ ಕಡೆ ತಿರುಗಿದರೆ ಮತ್ತೆ ಎಂಟು.

ಯಶೋಧರಾ ಅವರ ಮನೆಯಲ್ಲೂ ಕವಡೆಯದೇ ಮಾತು. ತಂದೆ ಯಮನಪ್ಪ ಅಂಚೆ ಇಲಾಖೆಯಲ್ಲಿದ್ದು ನಿವೃತ್ತರಾದವರು. ಓಣಿಯಲ್ಲಿ ಇಸ್ಪೀಟು ಹಾಕುವವರನ್ನು ಎಬ್ಬಿಸಿ ಕಳಿಸಿದವರು, ಮಕ್ಕಳನ್ನು ಗೋಲಿ ಆಡಲೂ ಬಿಡದೆ ಓದಿಸಿದವರು. ಮಗಳು ಚೀಲದಿಂದ ಕವಡೆ ತೆಗೆದು ತೊಳೆಯುತ್ತಿದ್ದುದನ್ನು ನೋಡಿ ಸುಮ್ಮನಿರಲು ಅವರಿಂದಾಗಲಿಲ್ಲ.

“ಇಷ್ಟು ಓದಿಸಿದ್ದು ಕವಡಿ ಒಗ್ಯಾಕೇನವಾ?”

ಇದು ಲೆಕ್ಕದ ಪಾಠ ಎಂದು ಯಶೋಧರಾ ವಿವರಿಸಿದರು. ಲೆಕ್ಕವನ್ನು ತಾವು ಕವಡೆ ಇಲ್ಲದೆಯೇ ಕಲಿತದ್ದು ಎಂದು ಹೇಳಿ ಯಮನಪ್ಪ ಪತ್ರಿಕೆ ಎತ್ತಿಕೊಂಡರು.

ಶನಿವಾರ ಬೆಳಗಿನ ಶಾಲೆ. ಇಕ್ಬಾಲ ಸರ್ ಪ್ರಾರ್ಥನೆಯ ಹೊತ್ತಿಗೇ ಬಂದರು. ದಾಕ್ಷಾಯಿಣಿ ಮೇಡಂ ಕುರ್ಚಿ ಹಾಕಿಸಿ ತಾವೂ ತರಗತಿಯಲ್ಲಿ ಕುಳಿತರು. ಮೊದಲು ಹಲಗೆಯ ಮೇಲೆ ಲೆಕ್ಕ. ನಾನೂರಾ ಮೂರರಲ್ಲಿ ನೂರಾ ಎಪ್ಪತ್ತೆಂಟು ಕಳೆಯಲು ಇಕ್ಬಾಲ ಸರ್ ಸಾನ್ವಿಯನ್ನು ಕರೆದರು. ನಡುವಿನ ಸೊನ್ನೆಯ ಹತ್ತಿರ ದೊಡ್ಡವರೂ ತಡವರಿಸುವ ಲೆಕ್ಕ ಅದು. ಅವಳು ನೂರರ ಕಟ್ಟು ಬಿಚ್ಚಿದೆ, ಹತ್ತರ ಕಟ್ಟು ಬಿಚ್ಚಿದೆ ಎಂದು ತನ್ನಷ್ಟಕ್ಕೆ ಗುನುಗುತ್ತ ಇನ್ನೂರಾ ಇಪ್ಪತ್ತೈದು ಎಂದು ಬರೆದಳು. ಉಳಿದವರ ಪಾಟಿಗಳಲ್ಲೂ ಹೆಚ್ಚುಕಡಿಮೆ ಅದೇ ಉತ್ತರವಿತ್ತು. ಇಕ್ಬಾಲ ಸರ್ ತಲೆದೂಗಿದರು. ಯಶೋಧರಾ ಅಲ್ಲಿಗೇ ಮುಗಿಯಲಿ ಎಂದುಕೊಂಡರು.

ಮುಗಿಯಲಿಲ್ಲ. ಆಟವನ್ನೂ ನೋಡೋಣ ಎಂದು ಇಕ್ಬಾಲ ಸರ್ ನೆಲದ ಮೇಲೆ ಕುಳಿತು ತಾವೇ ಕವಡೆ ಒಗೆದರು. ನಾಲ್ಕೂ ಬೋರಲು. ಎಷ್ಟು ಬಾಯಿ ಮೇಲಾಗಿವೆ ಎಂದು ಕೇಳಿದರು. ಸಾಹೇಬರಿಗೇ ಎಂಟು ಬಿದ್ದ ಖುಷಿಯಲ್ಲಿ ಮಕ್ಕಳು ಟೀಚರ್ ಮುಖ ನೋಡುವುದನ್ನು ಮರೆತು ಎಂಟು ಎಂದು ಕೂಗಿದರು.

“ಇರೋದ ನಾಲ್ಕು ಕವಡಿ. ಎಂಟು ಎಲ್ಲಿಂದ ಬಂದ್ವು?” ಎಂದು ಇಕ್ಬಾಲ ಸರ್ ಸಾನ್ವಿಯನ್ನೇ ಕೇಳಿದರು.

“ಒಂದೂ ಮ್ಯಾಲಿಲ್ಲಲ್ರಿ ಸರ್. ಅದಕ್ಕ ಎಂಟು.”

“ಹಂಗಾದ್ರ ನಾಳೆ ಸಾಲಿಗೆ ಒಬ್ಬರೂ ಬರಲಿಲ್ಲಂದ್ರ ಹಾಜರಿ ಎಂಟೇನು?”

“ಸಾಲ್ಯಾಗ ಸೊನ್ನಿರಿ. ಕವಡ್ಯಾಗ ಎಂಟು,” ಎಂದಳು ಸಾನ್ವಿ. ಇಷ್ಟೂ ತಿಳಿಯದೇ ಎನ್ನುವಂತಿತ್ತು ಅವಳ ದನಿ. ನಾಳೆ ಭಾನುವಾರ ಎಂಬುದನ್ನೂ ಸೇರಿಸಿದಳು.

ದಾಕ್ಷಾಯಿಣಿ ಮೇಡಂ ಎದ್ದುನಿಂತರು. ಮಕ್ಕಳಿಗೆ ಸೊನ್ನೆಯೇ ಗೊತ್ತಿಲ್ಲ, ಇದನ್ನು ಇಂದೇ ನಿಲ್ಲಿಸಿ ಎಂದರು. ಹಲಗೆಯ ಮೇಲಿನ ಲೆಕ್ಕವನ್ನು ತೋರಿಸಿ ಯಶೋಧರಾ, ಸೊನ್ನೆ ಗೊತ್ತಿಲ್ಲದೆ ಅದನ್ನು ಬಿಡಿಸಲಾಗುತ್ತದೆಯೇ ಎಂದು ಕೇಳಿದರು. ಅವರ ದನಿ ಏರಿತ್ತು. ಇಬ್ಬರೂ ಇಕ್ಬಾಲ ಸರ್ ಕಡೆ ನೋಡಿದರು.

“ನನಗ ತಿಳೀತ್ರಿ ಮೇಡಂ. ನಾನೂ ಸಣ್ಣಾಂವಿದ್ದಾಗ ಆಡೇನಿ,” ಎಂದರು ಅವರು ಯಶೋಧರಾ ಅವರಿಗೆ. “ಆದ್ರ ನಾಳೆ ಮ್ಯಾಲಿನವರು ಬಂದು ಇದನ್ನ ಕೇಳಿದ್ರ ನಾ ಏನಂತ ಹೇಳ್ಲಿ?”

ಕೊನೆಗೆ ಅವರು ಹೇಳಿದ್ದು ಇಷ್ಟು. ಮಕ್ಕಳಿಗೆ ಕಳೆಯುವುದು ಬರುತ್ತದೆ, ಆದ್ದರಿಂದ ಆಟ ಸದ್ಯಕ್ಕೆ ಇರಲಿ. ತಿಂಗಳ ಕೊನೆಯ ಶನಿವಾರ ತಾವು ಮತ್ತೆ ಬಂದು ನೋಡುವುದು. ಅಂದು ಇದೊಂದೇ ಪ್ರಶ್ನೆ. ಎಲ್ಲರೂ ಸೊನ್ನೆ ಎಂದರೆ ಆಟ ಮುಂದುವರಿಯುತ್ತದೆ, ಇಲ್ಲವಾದರೆ ಮಗ್ಗಿ. ದಾಕ್ಷಾಯಿಣಿ ಮೇಡಂ ಒಪ್ಪಿದರು, ಆದರೆ ಅಲ್ಲಿಯವರೆಗೆ ಉತ್ತರವನ್ನು ಬಾಯಿಪಾಠ ಮಾಡಿಸಬೇಕು ಎಂಬ ಷರತ್ತು ಹಾಕಿದರು. ಬಾಯಿಪಾಠ ಬಿಡಿಸಲೆಂದೇ ತಾವು ಆಟ ತಂದದ್ದು ಎಂದು ಯಶೋಧರಾ ಹೇಳಿದರು. ಅದನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಸೋಮವಾರದಿಂದ ಗಣಿತದ ಪೀರಿಯಡ್ಡಿನ ಮೊದಲ ಅರ್ಧದಲ್ಲಿ ನಾಲ್ಕನೇ ತರಗತಿಯ ಮಕ್ಕಳು “ಒಂದೂ ಇಲ್ಲದಿದ್ದರೆ ಸೊನ್ನೆ” ಎಂದು ಒಟ್ಟಾಗಿ ಹೇಳುತ್ತಾರೆ. ಉಳಿದ ಅರ್ಧದಲ್ಲಿ ಕವಡೆ ಆಡುತ್ತಾರೆ.