ಮಾದ ಹಿಡಿದ ಮೂಗು

ಆಗ ನಮಗೆ ಇಂಗ್ಲಿಷು ತಲೆಗೆ ಹೋಗುವ ಮೊದಲು ಮೂಗಿಗೆ ಬರುತ್ತಿತ್ತು. ನನ್ನ ವಯಸ್ಸಿನವರಿಗೆ ಬಿಡಿಸಿ ಹೇಳಬೇಕಿಲ್ಲ. ಮೇಷ್ಟ್ರು ಪ್ರಶ್ನೆ ಕೇಳುವರು. ಗೊತ್ತಿಲ್ಲದವರು ಎದ್ದು ನಿಲ್ಲಬೇಕು. ಸರಿಯಾಗಿ ಹೇಳಿದವನು ಬಂದು, ನಿಂತವರ ಮೂಗನ್ನು ಒಂದು ಕೈಯಲ್ಲಿ ಹಿಡಿದು ಇನ್ನೊಂದು ಕೈಯಲ್ಲಿ ಕೆನ್ನೆಗೆ ಬಿಡಬೇಕು. ಮೆಲ್ಲಗೆ ಹೊಡೆದರೆ ಹೇಗೆ ಹೊಡೆಯಬೇಕೆಂದು ಮೇಷ್ಟ್ರು ಅವನ ಕೆನ್ನೆಯ ಮೇಲೇ ತೋರಿಸುವರು. ಹುಡುಗರು ಹಟಕ್ಕೆ ಬಿದ್ದು ಕಲಿಯಲಿ ಎಂದು ಮಾಡಿದ ಏರ್ಪಾಡು ಅದು.

ನಮ್ಮ ಕ್ಲಾಸಿನಲ್ಲಿ ಮಾದ ಎಂಬ ಹುಡುಗನಿದ್ದ. ಊರಾಚೆ ಕೇರಿಯವನು. ಅವನ ತಾಯಿ ಚಿಕ್ಕತಾಯಿ ನಮ್ಮ ಗದ್ದೆಗೆ ಕೂಲಿಗೆ ಬರುತ್ತಿದ್ದಳು. ರಜೆಯಲ್ಲಿ ಅವನೂ ನಮ್ಮ ಎಮ್ಮೆ ಮೇಯಿಸುತ್ತಿದ್ದ. ನಮ್ಮ ಜಗಲಿಯ ಮುಂದೆ ನಾನು ಅವನಿಗೆ 'ಚಿಕ್ಕಗೌಡ್ರು'. ನಾಲೆ ಏರಿಯ ಮೇಲೆ, ಯಾರೂ ಇಲ್ಲದಾಗ, 'ಲೇ ಪುಟ್ಸಾಮಿ'.

ಅದು ಅವರೆಕಾಯಿ ಕಾಲ. ಕೈಯಲ್ಲೆಲ್ಲ ಸೊಗಡು. ಮಾದ ಕಬ್ಬಿನ ಜಲ್ಲೆಯನ್ನು ಮೊಣಕಾಲಿಗೆ ಕೊಟ್ಟು ಮುರಿಯುತ್ತಿದ್ದ. ಒಂದೇ ತುಂಡನ್ನು ಅವನೊಂದು ಸಲ, ನಾನೊಂದು ಸಲ ಕಚ್ಚಿ ತಿನ್ನುತ್ತಿದ್ದೆವು. ಅವನ ಅಣ್ಣ ಮಂಡ್ಯದ ಹಾಸ್ಟೆಲಿನಲ್ಲಿದ್ದು ಓದುತ್ತಿದ್ದ. ಊರಿಗೆ ಬಂದಾಗ ಅವನು ಹೇಳಿಕೊಟ್ಟದ್ದನ್ನು ಮಾದ ನನಗೆ ಹೇಳಿಕೊಡುತ್ತಿದ್ದ.

"ಲೇ, ಪದ ಅಂದ್ರೆ ಎತ್ತಿದ್ದಂಗೆ ಕಣ್ಲಾ. ಹ್ಯಾಪಿ ಅನ್ನೋದು ಎತ್ತು. ಮುಂದುಕ್ಕೆ 'ಅನ್' ಅಂತ ಮೂಗುದಾರ ಆಕು. ಏನಾಯ್ತು?"

"ಅನ್‌ಹ್ಯಾಪಿ."

"ಇಂದುಕ್ಕೆ 'ನೆಸ್' ಅಂತ ಬಾಲ ಕಟ್ಟು."

"ಅನ್‌ಹ್ಯಾಪಿನೆಸ್ಸು! ಇಷ್ಟೇನಾ?"

"ಇಷ್ಟೇಯ. ಆದ್ರೆ ಎಲ್ಲಾ ಎತ್ಗೂ ಒಂದೇ ಮೂಗುದಾರ ಆಗಾಕಿಲ್ಲ, ನೋಡ್ಕಂಡು ಆಕ್ಬೇಕು."

ಇಷ್ಟು ಬಲ್ಲವನು ಕ್ಲಾಸಿನಲ್ಲಿ ಮಾತ್ರ ಬಾಯಿ ಬಿಡುತ್ತಿರಲಿಲ್ಲ. ಒಂದು ದಿನ ಕೇಳಿಯೇಬಿಟ್ಟೆ.

"ಗೊತ್ತಿದ್ರೂ ಯಾಕ್ಲಾ ಯೋಳಾಕಿಲ್ಲ ನೀನು?"

"ಯೋಳುದ್ರೆ ನಿಮ್ಮೋರ ಮೂಗು ಇಡೀಬೇಕಲ್ಲ. ಮೂಗು ಇಡ್ದು ಈ ಊರಲ್ಲಿ ಬಾಳಾಟ ಮಾಡಾಕಾಯ್ತದಾ?"

"ನನ್ ಮೂಗು ಇಡಿ, ನಾನೇನೂ ಅನ್ಕಳಾಕಿಲ್ಲ."

"ನಿಮ್ಮಪ್ಪ?"

"ನಮ್ಮಪ್ಪಂಗೆ ಯಾರ್ಲಾ ಯೋಳ್ತಾರೆ? ನಾನಂತೂ ಯೋಳಾಕಿಲ್ಲ. ನಮ್ಮವ್ವನಾಣೆ."

ಮಾದ ಕಬ್ಬು ಅಗಿಯುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದ. ನಂಬಿದ.

ಆ ವಾರವೇ ಮೇಷ್ಟ್ರು ಪಾಸಿಬಲ್ ಎಂಬುದಕ್ಕೆ ವಿರುದ್ಧ ಪದ ಕೇಳಿದರು. ನಾನು ಧೈರ್ಯವಾಗಿ "ಅನ್‌ಪಾಸಿಬಲ್" ಎಂದೆ. ನನಗೆ ಗೊತ್ತಿದ್ದದ್ದು ಅದೊಂದೇ ಮೂಗುದಾರ. ಮೇಷ್ಟ್ರು ನನ್ನೊಬ್ಬನನ್ನೇ ನಿಲ್ಲಿಸಿ, "ಯಾರಿಗೆ ಗೊತ್ತು?" ಎಂದರು. ಹಿಂದಿನ ಸಾಲಿನಲ್ಲಿ ಮಾದ ಎದ್ದ.

"ಇಂಪಾಸಿಬಲ್, ಸಾರ್."

"ಭೇಷ್! ಹೋಗು, ಹಿಡಿ ಅವನ ಮೂಗು."

ಇಡೀ ಕ್ಲಾಸು ತಿರುಗಿ ನೋಡಿತು. ಮಾದ ಬಂದು ನಿಂತ. ಎರಡು ಬೆರಳಿನಲ್ಲಿ, ಹೂವು ಹಿಡಿದ ಹಾಗೆ, ನನ್ನ ಮೂಗು ಹಿಡಿದ. ಬೆರಳಿಗೆ ಅವರೆಕಾಯಿ ಸೊಗಡಿತ್ತು. ಕೆನ್ನೆಯನ್ನು ತಟ್ಟಿದನೋ ಇಲ್ಲವೋ, ನೋವಂತೂ ಆಗಲಿಲ್ಲ. ನನಗೆ ನಗುವೇ ಬಂದಿತ್ತು.

ನಗು ಹೋದದ್ದು ದಾರಿಯಲ್ಲಿ. ನಮ್ಮ ಬೀದಿಯ ಹುಡುಗರು ಸುತ್ತುವರಿದರು. "ಲೋ, ಮೂಗು ಕುಯ್ಸ್ಕಂಡು ಮನ್ಗೆ ಓಗ್ಲಾ!" "ಮಾದನ ಕೈಲಿ ಏಟು ತಿಂದೋನು ಕಣ್ರೋ, ಮುಟ್ಟುಸ್ಕಬ್ಯಾಡ್ರೋ!" ಅವರು ಕೂಗುತ್ತ ಬಂದಷ್ಟೂ ನನ್ನ ಕೆನ್ನೆ ಉರಿಯತೊಡಗಿತು. ಮನೆ ಮುಟ್ಟುವ ಹೊತ್ತಿಗೆ ಅಳು ಬಂದಿತ್ತು. ಅಪ್ಪ ಯಾಕೆಂದು ಕೇಳಿದರು.

"ಮಾದ ಒಡ್ದ."

ಅಷ್ಟೇ ಹೇಳಿದ್ದು. ಮೇಷ್ಟ್ರು ಹೊಡೆಸಿದರು ಎನ್ನಲಿಲ್ಲ. ನಾನೇ ಹಿಡಿ ಎಂದಿದ್ದೆ ಎನ್ನಲಿಲ್ಲ.

ಅಪ್ಪ ಹೇಳಿಕಳಿಸಿದ್ದರಿಂದ ಸಂಜೆ ಚಿಕ್ಕತಾಯಿ ಮಗನನ್ನು ಕರೆದುಕೊಂಡು ಬಂದು ಅಂಗಳದಲ್ಲಿ ನಿಂತಳು. ಗದ್ದೆಯ ಕೆಸರು ಕಾಲಲ್ಲಿ ಹಾಗೇ ಇತ್ತು. ಅಪ್ಪ ಜಗಲಿಯಿಂದ ಕೇಳಿದರು:

"ಏನಮ್ಮಿ, ನಮ್ಮುಡ್ಗುನ್ ಕೆನ್ನೆಗೆ ಕೈಯಾಕೋವಷ್ಟು ದೊಡ್ಡೋನಾದ್ನಾ ನಿನ್ ಮಗ? ನಾಳಿಂದ ಕೆಲ್ಸಕ್ಕೆ ಬರ್ಬ್ಯಾಡ, ಓಗು."

"ಬುದ್ಧಿ, ಮೇಷ್ಟ್ರು..." ಎಂದು ಮಾದ ಶುರುಮಾಡಿದ. ಮುಗಿಸಲು ಅವಳು ಬಿಡಲಿಲ್ಲ. ರಪ್ಪನೆ ಅವನ ಕೆನ್ನೆಗೆ ಬಿಟ್ಟಳು, ಮತ್ತೆ ಬಿಟ್ಟಳು. "ತಪ್ಪಾಯ್ತು ಬುದ್ಧಿ, ಹೊಟ್ಟೆ ಮ್ಯಾಲೆ ಒಡೀಬ್ಯಾಡಿ" ಎನ್ನುತ್ತ, ಅಪ್ಪ "ಸಾಕು" ಎನ್ನುವವರೆಗೂ ಹೊಡೆದಳು.

ಮಾದ ಅಳಲಿಲ್ಲ. ಕಂಬದ ಹಿಂದಿದ್ದ ನನ್ನನ್ನೇ ನೋಡುತ್ತಿದ್ದ. ನಾನು ಹೇಳುತ್ತೇನೆ ಎಂದು ಕಾಯುತ್ತಿದ್ದ. ನಾನು ಕೊಟ್ಟಿಗೆಯ ಕಡೆಗೆ ಮುಖ ತಿರುಗಿಸಿದೆ. ಎಮ್ಮೆ ಹುಲ್ಲು ತಿನ್ನುತ್ತಿತ್ತು.

ಚಿಕ್ಕತಾಯಿಯ ಕೂಲಿ ಉಳಿಯಿತು. ಆಮೇಲೆ ಕ್ಲಾಸಿನಲ್ಲಿ ಏನು ಕೇಳಿದರೂ ಮಾದನದು ಒಂದೇ ಉತ್ತರ, "ಗೊತ್ತಿಲ್ಲ ಸಾರ್." ಎಲ್ಲರ ಕೈಯಲ್ಲೂ ಮೂಗು ಹಿಡಿಸಿಕೊಂಡ. ಒಂದು ದಿನ ಮೇಷ್ಟ್ರು ಹ್ಯಾಪಿಗೆ ಬಾಲ ಕಟ್ಟುವ ಪ್ರಶ್ನೆಯನ್ನೇ ಕೇಳಿದರು. ಮಾದ ನಿಂತುಕೊಂಡ. ನಾನು ಉತ್ತರ ಹೇಳಿದೆ. ಹೋಗಿ ಅವನ ಮೂಗು ಹಿಡಿದೆ. ಮೆಲ್ಲಗೆ ಹೊಡೆದರೆ ನನಗೆ ಬೀಳುತ್ತಿತ್ತು, ಜೋರಾಗಿಯೇ ಹೊಡೆದೆ.

ಪರೀಕ್ಷೆಯ ಹಾಳೆಯ ಮೇಲೆ ಯಾರ ಮೂಗೂ ಹಿಡಿಯಬೇಕಿರಲಿಲ್ಲ. ಮಾದ ಎಸ್ಸೆಸ್ಸೆಲ್ಸಿಯಲ್ಲಿ ಚೆನ್ನಾಗಿ ಪಾಸಾದ, ಮುಂದೆ ಓದಿ ಮಂಡ್ಯದಲ್ಲಿ ಗುಮಾಸ್ತನಾದ. ಅವನು ಹೇಳಿಕೊಟ್ಟದ್ದರ ಬಲದಿಂದ ನಾನೂ ಪಾಸಾದೆ, ಅಲ್ಲಿಗೇ ನಿಂತೆ. ಈಗ ಮೊಮ್ಮಗಳು ಮೊಬೈಲು ಹಿಡಿದು ಇಂಗ್ಲಿಷು ಕಲಿಯುತ್ತಾಳೆ. ಮೊನ್ನೆ ಅವಳಿಗೆ ಎತ್ತು, ಮೂಗುದಾರ, ಬಾಲದ ಪಾಠ ಹೇಳಿದೆ. "ಸಕ್ಕತ್ತಾಗದೆ ತಾತ, ಯಾರ್ ಯೋಳ್ಕೊಟ್ಟಿದ್ದು?" ಎಂದಳು. ಮೇಷ್ಟ್ರು ಎಂದುಬಿಟ್ಟೆ. ಈ ವಯಸ್ಸಿನಲ್ಲೂ ಅವನ ಹೆಸರು ಬಾಯಿಗೆ ಬರಲಿಲ್ಲ. ಅದಕ್ಕೇ ಇದನ್ನು ಬರೆಯಲು ಕೂತೆ.

ಹೋದ ತಿಂಗಳು ಮದ್ದೂರು ಬಸ್‌ಸ್ಟ್ಯಾಂಡಿನಲ್ಲಿ ಮಾದಯ್ಯ ಸಿಕ್ಕಿದ್ದ. ತಲೆಯೆಲ್ಲ ಬೆಳ್ಳಗಾಗಿದೆ. "ಚೆನ್ನಾಗಿದ್ದೀರಾ ಗೌಡ್ರೇ?" ಎಂದ. ಅವನ ಕೈ ಹಿಡಿದುಕೊಂಡೆ.

"ಮಾದ, ಅವತ್ತು ನಮ್ಮಪ್ಪನ ಮುಂದೆ ನಾನು ಬಾಯಿ ಬುಡ್ಬೇಕಾಗಿತ್ತು ಕಣೋ..."

"ಬುಡಿ ಗೌಡ್ರೇ, ಅದೆಲ್ಲಾ ಯಾಕೀಗ" ಎಂದು ನಕ್ಕ. ಮಂಡ್ಯದ ಬಸ್ಸು ಬಂತು. ಕೈ ಬಿಡಿಸಿಕೊಂಡು ಹತ್ತಿದ.

ಬಸ್ಸು ಹೋದ ಮೇಲೂ ಅಲ್ಲೇ ನಿಂತಿದ್ದೆ. 'ಬುಡ್ಲಾ, ಪುಟ್ಸಾಮಿ' ಎಂದಿದ್ದರೆ ಕ್ಷಮಿಸಿದ್ದಾನೆ ಎಂದುಕೊಳ್ಳುತ್ತಿದ್ದೆ. ನನ್ನನ್ನು ಹಾಗೆ ಕರೆಯುತ್ತಿದ್ದವರೆಲ್ಲ ಹೋದರು. ಉಳಿದಿರುವವನು ಇವನೊಬ್ಬ. ಇವನು ನನ್ನನ್ನು ಗೌಡ್ರೇ ಎನ್ನುತ್ತಾನೆ.