ರೊಟ್ಟಿಗೇನು ಭಾರ

ಭಾರ ಎತ್ತಬಾರದು ಎಂಬ ಡಾಕ್ಟರ ಮಾತನ್ನು ಕಾಶೀಬಾಯಿಯಷ್ಟು ಭಕ್ತಿಯಿಂದ ಪಾಲಿಸಿದ ಹೆಂಗಸು ಹುಬ್ಬಳ್ಳಿಯಲ್ಲಿ ಇನ್ನೊಬ್ಬಳು ಸಿಗಲಿಕ್ಕಿಲ್ಲ. ಆಪರೇಷನ್ ಆಗಿ ಮನೆಗೆ ಬಂದ ಮೇಲೆ ಆಕೆ ಕೊಡ ಮುಟ್ಟಲಿಲ್ಲ, ಹಿಟ್ಟಿನ ಡಬ್ಬಿ ಮುಟ್ಟಲಿಲ್ಲ, ಕುಡಿಯುವ ನೀರನ್ನೂ ಗಂಡ ಏಕನಾಥನೇ ತಂಬಿಗೆಯಲ್ಲಿ ತಂದುಕೊಡಬೇಕಾಯಿತು. ಆದರೆ ಗಾಯ ಒಣಗಿತೋ ಇಲ್ಲವೋ, ಹಲಗೆಯ ಮುಂದೆ ಕೂತು ರೊಟ್ಟಿ ಬಡಿಯತೊಡಗಿದಳು. ಜೋಳದ ರೊಟ್ಟಿಗೆ ಎಂಥ ಭಾರ? ಕೈಯಲ್ಲಿ ಹಿಡಿದರೆ ಇದೆಯೋ ಇಲ್ಲವೋ ತಿಳಿಯುವುದಿಲ್ಲ.

ದೇಶಪಾಂಡೆ ನಗರದ ಓಣಿಯೊಂದರಲ್ಲಿ ಆಕೆಯ ಮನೆ, ಮನೆಯ ಮುಂದಿನ ಕೋಣೆಯೇ ರೊಟ್ಟಿ ಅಂಗಡಿ. ಬೆಳಗಾದರೆ ಪಟಪಟ ಸದ್ದು, ಅದನ್ನು ಕೇಳಿ ಎದ್ದೇಳುವ ಮನೆಗಳೂ ಇದ್ದವು. ಕೆಲ ವರ್ಷಗಳ ಹಿಂದೆ ಎದೆಯ ಕ್ಯಾನ್ಸರ್ ಬಂದು ಬಲಮೊಲೆ ತೆಗೆದರು. ಬದುಕಿದಳು, ಅದೇ ದೊಡ್ಡದು ಎಂದರು ಎಲ್ಲರೂ. ಖರೆ, ಅದು ದೊಡ್ಡದೇ. ಆದರೂ ಕುಪ್ಪಸದ ಒಂದು ಬದಿ ಖಾಲಿ ಜೋತುಬಿದ್ದಿದ್ದನ್ನು ಕಂಡಾಗಲೆಲ್ಲ ಆಕೆಗೆ ಅಳು ಬರುತ್ತಿತ್ತು. ಆ ಜಾಗದಲ್ಲಿ ಸಿಲಿಕಾನ್ ಚೀಲ ಕೂರಿಸಬಹುದು ಎಂದು ಡಾಕ್ಟರ್ ಗಾರ್ಗಿ ಹೇಳಿದಾಗ, ಈ ವಯಸ್ಸಿನಲ್ಲಿ ಇದೆಲ್ಲ ಯಾಕೆ ಎಂದು ನೆಂಟರು ಮೂಗು ಮುರಿದರು. ಕಾಶೀಬಾಯಿ ಯಾರ ಮಾತಿಗೂ ಕಿವಿಗೊಡದೆ ಕೂರಿಸಿಕೊಂಡಳು.

ಮೊದಲು ಕೂರಿಸಿದ ಚೀಲದ ಸುತ್ತ ಗಟ್ಟಿಯಾಗಿ ನೋಯತೊಡಗಿತ್ತು. ಈ ವರ್ಷ ಅದನ್ನು ತೆಗೆದು ಹೊಸದು ಹಾಕಿದರು. ಭಾರ ಎತ್ತಬಾರದು ಎಂದು ಡಾಕ್ಟರು ಹೇಳಿದ್ದು ಆಗಲೇ. ಈಗ ಬಲು ಛಲೋ ಕೂತಿತು. ಕನ್ನಡಿಯ ಮುಂದೆ ಇಳಕಲ್ ಸೀರೆಯುಟ್ಟು, ಅತ್ತ ತಿರುಗಿ ಇತ್ತ ತಿರುಗಿ ನೋಡಿಕೊಂಡಳು. ಅಂಗಡಿಗೆ ಬಂದವರ ಜೊತೆ ವಿನಾಕಾರಣ ನಕ್ಕಳು.

ಒಂದೆರಡು ತಿಂಗಳಿಗೆ ನೋಡುತ್ತಾಳೆ, ಎಡದ್ದು ಇದ್ದಲ್ಲೇ ಇದೆ, ಬಲದ್ದು ಮೇಲೇರಿ ಕಂಕುಳ ಕಡೆ ಹೊರಟಿದೆ! ಹಾಳು ರೋಗ ಮತ್ತೆ ಬಂತೇನೋ ಎಂದು ಗಂಡನನ್ನು ಕರೆದುಕೊಂಡು ದವಾಖಾನೆಗೆ ಓಡಿದಳು.

ರೋಗವಲ್ಲ, ಚೀಲ ಸರಿದಿದೆ ಅಷ್ಟೆ ಎಂದು ಗಾರ್ಗಿ ತಪಾಸಣೆ ಮಾಡಿ ಹೇಳಿದರು. ಏನಾದರೂ ಎತ್ತಿದಿರಾ ಎಂದು ಕೇಳಿದರು. ಏನೂ ಎತ್ತಿಲ್ಲವೆಂದು ಕಾಶೀಬಾಯಿ ದೇವರಾಣೆ ಇಟ್ಟಳು. ಉದ್ಯೋಗ ಏನು ಎಂದು ಹಿಂದೆ ಕೇಳಿದಾಗಲೂ, ಮನೆಯಲ್ಲೇ ಇರುತ್ತೇನೆ ಎಂದಿದ್ದಳು. ಸುಳ್ಳೇನಲ್ಲ, ಅಂಗಡಿ ಮನೆಯಲ್ಲೇ ಇತ್ತಲ್ಲ.

"ಹಂಗಾದ್ರ ದಿನಾ ಮುಂಜಾನೆಯಿಂದ ಏನ್ ಮಾಡ್ತೀರಿ ಅವ್ವಾರ?"

"ಏನಿಲ್ರಿ. ರೊಟ್ಟಿ ಬಡಿತೇನಿ."

ಹೇಗೆ ಬಡಿಯುತ್ತೀರಿ, ತೋರಿಸಿ ಎಂದು ಗಾರ್ಗಿ ಆಕೆಯ ಎದೆಯ ಮೇಲೆ ಅಂಗೈ ಇಟ್ಟರು. ಕಾಶೀಬಾಯಿ ಡಾಕ್ಟರ ಮೇಜಿನ ಮೇಲೇ ಶುರುಮಾಡಿದಳು. ಒಂದೊಂದು ಏಟಿಗೂ ಎದೆಯ ಸ್ನಾಯು ಬಿಗಿದು, ಅದರಡಿಯ ಚೀಲ ಮೇಲಕ್ಕೆ ಜಿಗಿಯಿತು. ಸದ್ದಿಗೆ ಹೊರಗಿದ್ದ ನರ್ಸು ಇಣುಕಿ ನೋಡಿದಳು. ಗಾರ್ಗಿ ನಗು ತಡೆದುಕೊಂಡು ವಿವರಿಸಿದರು: ಇನ್ನೊಂದು ಆಪರೇಷನ್ ಮಾಡಿ ಚೀಲವನ್ನು ಜಾಗಕ್ಕೆ ಕೂರಿಸಬಹುದು, ಆದರೆ ಆಮೇಲೆ ಮೂರು ತಿಂಗಳು ರೊಟ್ಟಿ ಬಡಿಯುವಂತಿಲ್ಲ. ಹೀಗೇ ಬಿಟ್ಟರೂ ಸದ್ಯ ಅಪಾಯವಿಲ್ಲ, ಎರಡೂ ಸಮ ಕಾಣುವುದಿಲ್ಲ, ಅಷ್ಟೇ.

ಅಪಾಯವಿಲ್ಲವೆಂದರೆ ಇರಲಿ ಬಿಡಿ ಎಂದು ಕಾಶೀಬಾಯಿ ತಕ್ಷಣ ಎದ್ದುಬಿಟ್ಟಳು. ಕ್ಯಾನ್ಸರ್ ಆದಾಗ ಅಂಗಡಿ ಮುಚ್ಚಿದ್ದಕ್ಕೆ ಗಿರಾಕಿಗಳೆಲ್ಲ ಬೇರೆ ಕಡೆ ಹೋಗಿದ್ದರು. ಅವರನ್ನು ಮತ್ತೆ ಕೂಡಿಸುವಷ್ಟರಲ್ಲಿ ಸಾಕುಸಾಕಾಗಿತ್ತು. ಮತ್ತೆ ಮುಚ್ಚಿದರೆ ಅಂಗಡಿ ಮುಗಿದಂತೆಯೇ.

ಆಟೋದಲ್ಲಿ ಆಕೆ ಸೆರಗನ್ನು ಬಲಕ್ಕೆ ಎಳೆದೆಳೆದು ಮುಚ್ಚಿಕೊಳ್ಳುತ್ತಲೇ ಇದ್ದಳು. ಏಕನಾಥ ಮಾತು ಕಡಿಮೆಯ ಮನುಷ್ಯ, ರೈಲ್ವೆ ವರ್ಕ್‌ಶಾಪಿನಿಂದ ನಿವೃತ್ತನಾದ ಮೇಲೆ ಪೇಪರ್ ಓದುವುದೇ ಅವನ ಕೆಲಸ. ಅವನು ಆಕೆ ಸೆರಗು ಎಳೆದುಕೊಳ್ಳುವುದನ್ನೇ ನೋಡುತ್ತ ಕೂತಿದ್ದ.

"ಅಂಗಡಿ ಮಾತು ಬಿಡು. ನಿನಗ ಬೇಕನಸ್ತದೋ ಇಲ್ಲೋ, ಅಷ್ಟ ಹೇಳು."

ಕಾಶೀಬಾಯಿ ರಸ್ತೆಯ ಕಡೆ ಮುಖ ಮಾಡಿದಳು. ಇಷ್ಟು ವರ್ಷದಲ್ಲಿ ಈ ಪ್ರಶ್ನೆಯನ್ನು ಆಕೆಗೆ ಯಾರೂ ಕೇಳಿರಲಿಲ್ಲ.

"ಬೇಕ್ರಿ," ಎಂದಳು. ಕಣ್ಣು ತುಂಬಿದವು.

ಏಕನಾಥ ಆಟೋ ತಿರುಗಿಸಲು ಹೇಳಿದ.

ಆಪರೇಷನ್ ಆಯಿತು. ಚೀಲ ತನ್ನ ಜಾಗಕ್ಕೆ ಬಂದು ಕೂತಿತು. ಅಂಗಡಿ ಮಾತ್ರ ಬಹಳ ದಿನ ಮುಚ್ಚಲಿಲ್ಲ. ಹಲಗೆಯ ಮುಂದೆ ಲುಂಗಿ ಎತ್ತಿಕಟ್ಟಿ ಕೂತವನು ಏಕನಾಥ. ಹಿಟ್ಟು ನಾದಿ ಬಡಿದರೆ ಅಂಚು ಬಿರಿಯುತ್ತಿತ್ತು, ಹಂಚಿಗೆ ಹಾಕುವಾಗ ನಡುವೆ ಹರಿಯುತ್ತಿತ್ತು, ಸದ್ದಂತೂ ತಾಳ ತಪ್ಪಿದ್ದೇ. ಕಾಶೀಬಾಯಿ ಗೋಡೆಗೊರಗಿ ಕುಳಿತು, ಬಿಸಿನೀರು ಸಾಲದು, ಹಿಟ್ಟು ಇನ್ನೂ ನಾದಬೇಕು ಎಂದು ಹೇಳಿಕೊಡುವಳು. ಹೇಳುತ್ತ ಹೇಳುತ್ತ ಆಕೆಯ ಬಲಗೈ ತಾನಾಗಿಯೇ ತೊಡೆಯ ಮೇಲೆ ಬಡಿಯತೊಡಗುವುದು.

"ಕಾಶಿ, ಕೈ," ಎನ್ನುವನು ಏಕನಾಥ, ಹಂಚಿನಿಂದ ಕಣ್ಣೆತ್ತದೆ. ಆಕೆ ಕೈಯನ್ನು ಸೆರಗಿನಲ್ಲಿ ಸುತ್ತಿಕೊಳ್ಳುವಳು.

ಗ್ಯಾರೇಜಿನ ಇಕ್ಬಾಲ ದಿನದ ಗಿರಾಕಿ. ಅವನು ಒಂದು ದಿನ ಹರಕು ರೊಟ್ಟಿಯನ್ನು ಬೆಳಕಿಗೆ ಹಿಡಿದು, ಇದೇನು ಕಾಕೂ ಹಿಂಗಾಗಿದೆ ಎಂದು ಕೇಳಿದ. ಕಾಶೀಬಾಯಿ ನೆಟ್ಟಗೆ ಕೂತು, ಹೊಸ ಕುಪ್ಪಸದ ಮೇಲಿನ ಸೆರಗನ್ನು ಸರಿಮಾಡಿಕೊಂಡಳು. ಈ ಸಲ ಮುಚ್ಚಿಕೊಳ್ಳಲಿಕ್ಕಲ್ಲ.

"ಮನಿಗೆ ಹೊಸಾ ಸೊಸಿ ಬಂದಾಳಪಾ," ಎಂದಳು ಗಂಡನ ಕಡೆ ನೋಡುತ್ತ. "ಕಲ್ಯಾಕತ್ತಾಳ. ಸ್ವಲ್ಪ ಸಂಭಾಳಸ್ಕೋ."